ನೆರೆ ನೀರಿನಲ್ಲಿ ಹೈಬ್ರಿಡ್ ಕಾರು

ಹೈಬ್ರಿಡ್ ಕಾರಿನಲ್ಲಿ ಪೆಟ್ರೋಲ್ ಎಂಜಿನ್ನೂ ಇದೆ, ವಿದ್ಯುತ್ ಮೋಟಾರೂ ಇದೆ. ಎರಡಕ್ಕೂ ನೀರು ಆಗದು, ಆದರೆ ಆಗದಿರುವ ಬಗೆ ಬೇರೆ ಬೇರೆ. ರಸ್ತೆಯ ಮೇಲೆ ನೀರು ನಿಂತಾಗ ಇಂಥ ಕಾರಿನವರ ತಲೆಗೆ ಮೊದಲು ಬರುವುದು ಬ್ಯಾಟರಿಯ ಯೋಚನೆ: ಇನ್ನೂರು ವೋಲ್ಟಿನ ಬ್ಯಾಟರಿಗೆ ನೀರು ತಾಗಿದರೆ ಶಾಕ್ ಹೊಡೆದೀತೇ? ವಾಸ್ತವದಲ್ಲಿ ಇಡೀ ಕಾರಿನಲ್ಲಿ ಅತಿ ಹೆಚ್ಚು ಕಾವಲಿರುವುದು ಆ ವಿದ್ಯುತ್ ಜಾಲಕ್ಕೇ. ಕಾವಲಿಲ್ಲದ ಜಾಗಗಳು ಬೇರೆ ಇವೆ: ಎಂಜಿನ್ ಗಾಳಿ ಎಳೆದುಕೊಳ್ಳುವ ಬಾಯಿ, ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳದ 12 ವೋಲ್ಟಿನ ಸಣ್ಣ ಬ್ಯಾಟರಿ, ಮತ್ತು ಎರಡಡಿ ನೀರೂ ಬೇಕಿಲ್ಲದೆ ತೇಲಿಬಿಡುವ ಕಾರಿನ ಒಡಲು.

ಹೈಬ್ರಿಡ್ ಎಂದು ಮಾರಾಟವಾಗುವ ಕಾರುಗಳೆಲ್ಲ ಒಂದೇ ಜಾತಿಯವಲ್ಲ. ಮೈಲ್ಡ್ ಹೈಬ್ರಿಡ್‌ನಲ್ಲಿ ಇರುವುದು 12 ಅಥವಾ 48 ವೋಲ್ಟಿನ ಪುಟ್ಟ ವ್ಯವಸ್ಥೆ. ಅಲ್ಲಿ ಮೋಟಾರು ಎಂಜಿನ್ನಿಗೆ ಕೈಜೋಡಿಸುತ್ತದೆ ಅಷ್ಟೇ. ನೀರಿನ ಮಟ್ಟಿಗೆ ಅದನ್ನು ಮಾಮೂಲಿ ಪೆಟ್ರೋಲ್ ಕಾರೆಂದೇ ತಿಳಿಯಬೇಕು. ಸ್ಟ್ರಾಂಗ್ ಹೈಬ್ರಿಡ್‌ನಲ್ಲಿ ಮೋಟಾರೊಂದೇ ಕಾರನ್ನು ಎಳೆಯಬಲ್ಲದು. ಬಿಡದಿಯ ಟೊಯೊಟಾ ಕಾರ್ಖಾನೆಯಲ್ಲಿ ತಯಾರಾಗುವ ಹೈರೈಡರ್ ಮತ್ತು ಇನ್ನೋವಾ ಹೈಕ್ರಾಸ್‌ನ ಹೈಬ್ರಿಡ್ ಮಾದರಿಗಳು, ಮಾರುತಿ ಗ್ರ್ಯಾಂಡ್ ವಿಟಾರಾದ ಸ್ಟ್ರಾಂಗ್ ಹೈಬ್ರಿಡ್, ಹೋಂಡಾ ಸಿಟಿಯ ಹೈಬ್ರಿಡ್ ಎಲ್ಲ ಈ ಗುಂಪಿನವು. ಮೂರನೆಯದು ಪ್ಲಗ್-ಇನ್ ಹೈಬ್ರಿಡ್. ಅದರ ಬ್ಯಾಟರಿ ದೊಡ್ಡದು, ಮನೆಯ ಪ್ಲಗ್ಗಿನಿಂದಲೂ ಚಾರ್ಜ್ ಮಾಡಬಹುದು. ನಮ್ಮ ರಸ್ತೆಗಳಲ್ಲಿ ಅಂಥವು ಕಡಿಮೆ, ಇದ್ದರೂ ದುಬಾರಿ ಕಾರುಗಳೇ. ಇಲ್ಲಿನ ಮಾತು ಮುಖ್ಯವಾಗಿ ಎರಡನೆಯ ಗುಂಪಿನ ಕುರಿತು.

ಬ್ಯಾಟರಿಯ ಕಾವಲು

ವಾಹನ ಸುರಕ್ಷತೆಯ ಅಂತರರಾಷ್ಟ್ರೀಯ ನಿಯಮಗಳ ಪ್ರಕಾರ ಡಿ.ಸಿ. ವಿದ್ಯುತ್ತಿನಲ್ಲಿ 60 ವೋಲ್ಟ್ ದಾಟಿದ್ದೆಲ್ಲ ಹೈ ವೋಲ್ಟೇಜ್. ಹೈರೈಡರ್‌ನ ಲಿಥಿಯಂ ಬ್ಯಾಟರಿ 177.6 ವೋಲ್ಟಿನದು, ಹೈಬ್ರಿಡ್ ಕಾರನ್ನು ಜಗತ್ತಿಗೆ ಪರಿಚಯಿಸಿದ ಪ್ರಿಯಸ್‌ನ ಎರಡನೇ ತಲೆಮಾರಿನಲ್ಲಿ ಇದ್ದದ್ದು 201.6 ವೋಲ್ಟ್. ಇನ್ವರ್ಟರ್ ಈ ವೋಲ್ಟೇಜನ್ನು ಇನ್ನೂ ಏರಿಸಿ ಮೋಟಾರಿಗೆ ಕೊಡುತ್ತದೆ. ಅದೇ ಪ್ರಿಯಸ್‌ನಲ್ಲಿ ಅದು 500 ವೋಲ್ಟ್‌ವರೆಗೆ ಹೋಗುತ್ತಿತ್ತು. ಜೀವ ತೆಗೆಯಲು ಇದು ಧಾರಾಳ ಸಾಕು. ಹಾಗಾಗಿಯೇ ಈ ತಂತಿಗಳಿಗೆಲ್ಲ ಕಿತ್ತಳೆ ಬಣ್ಣದ ಹೊದಿಕೆ. ಬಾನೆಟ್ ಎತ್ತಿದಾಗ ಕಿತ್ತಳೆ ಬಣ್ಣದ್ದು ಏನು ಕಂಡರೂ ಮುಟ್ಟಬಾರದೆಂದು ಅರ್ಥ.

ಹಾಗಿದ್ದರೂ ಕಾರು ನೀರಿನಲ್ಲಿ ನಿಂತ ಮಾತ್ರಕ್ಕೆ ಸುತ್ತಲಿನ ನೀರಿಗೆ ಕರೆಂಟ್ ಹರಿಯುವುದಿಲ್ಲ. ಮನೆಯ ವೈರಿಂಗಿನಲ್ಲಿ ಒಂದು ತಂತಿಗೆ ಎಲ್ಲೋ ಒಂದು ಕಡೆ ಭೂಮಿಯ ಸಂಪರ್ಕ ಇರುತ್ತದೆ. ಒದ್ದೆ ನೆಲದ ಮೇಲೆ ನಿಂತವರು ಫೇಸ್ ತಂತಿ ಮುಟ್ಟಿದರೆ ಕರೆಂಟು ಮೈಯ ಮೂಲಕ ನೆಲಕ್ಕಿಳಿದು ತನ್ನ ಸುತ್ತು ಪೂರೈಸಿಕೊಳ್ಳುತ್ತದೆ. ಹೈಬ್ರಿಡ್ ಕಾರಿನ ದೊಡ್ಡ ಬ್ಯಾಟರಿಯ ಎರಡು ತುದಿಗಳಲ್ಲಿ ಯಾವುದಕ್ಕೂ ಕಾರಿನ ಬಾಡಿಯ ಜೊತೆ ಸಂಬಂಧ ಇಲ್ಲ, ನೆಲದ ಜೊತೆಯೂ ಇಲ್ಲ. ಒಂದು ತುದಿ ನೀರಿಗೆ ಸೋರಿದರೂ ಕರೆಂಟಿಗೆ ಮರಳಿ ಬರುವ ದಾರಿ ಇರುವುದಿಲ್ಲ. ಆ ಒಂದು ಸೋರಿಕೆಯನ್ನೂ ಪತ್ತೆ ಹಚ್ಚುವ ಸರ್ಕ್ಯೂಟ್ ಒಂದು ಸದಾ ಎಚ್ಚರವಾಗಿರುತ್ತದೆ. ಅದು ದೋಷ ಕಂಡರೆ ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುತ್ತದೆ. ಇದರ ಜೊತೆಗೆ ಬ್ಯಾಟರಿ ಪೆಟ್ಟಿಗೆಯೊಳಗೇ ಕೂತಿರುವ ದೊಡ್ಡ ರಿಲೇಗಳಿವೆ. ಕಾರು ಆಫ್ ಆದರೆ, ಡಿಕ್ಕಿಯಾಗಿ ಏರ್‌ಬ್ಯಾಗ್ ಬಿಚ್ಚಿದರೆ, ಅಥವಾ 12 ವೋಲ್ಟಿನ ಪೂರೈಕೆ ತಪ್ಪಿದರೆ ಅವು ತಾವಾಗಿಯೇ ಕಳಚಿಕೊಳ್ಳುತ್ತವೆ. ಆಮೇಲೆ ಹೈ ವೋಲ್ಟೇಜ್ ಆ ಪೆಟ್ಟಿಗೆಯನ್ನು ದಾಟಿ ಹೊರಗೆ ಬರುವುದಿಲ್ಲ. ಬೀದಿಯಲ್ಲಿ ನೀರು ನಿಂತಾಗ ಶಾಕ್‌ನ ನಿಜವಾದ ಭಯ ಇರಬೇಕಾದದ್ದು ಕಾರಿನ ಬಗ್ಗೆ ಅಲ್ಲ, ಪಕ್ಕದ ದೀಪದ ಕಂಬ, ಟ್ರಾನ್ಸ್‌ಫಾರ್ಮರು ಮತ್ತು ಹರಿದುಬಿದ್ದ ತಂತಿಗಳ ಬಗ್ಗೆ. ಭೂಮಿಗೆ ಸೇರಿಕೊಂಡ ವಿದ್ಯುತ್ ಅದು.

ಇಷ್ಟರಿಂದ ಬ್ಯಾಟರಿಗೆ ನೀರು ಏನೂ ಮಾಡದು ಎಂದು ತಿಳಿದರೆ ಪೂರ್ತಿ ತಪ್ಪಾಗುತ್ತದೆ. ಪೂರ್ಣ ವಿದ್ಯುತ್ ಕಾರುಗಳ ಬ್ಯಾಟರಿಗೆ ಸಾಮಾನ್ಯವಾಗಿ ಐಪಿ67 ದರ್ಜೆಯ ಮುಚ್ಚಳ ಇರುತ್ತದೆ, ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಟ್ಟರೂ ಒಳಗೆ ನೀರು ಹೋಗಬಾರದು. ಬಹಳಷ್ಟು ಹೈಬ್ರಿಡ್‌ಗಳ ಕಥೆ ಬೇರೆ. ಅವುಗಳ ಬ್ಯಾಟರಿ ಚಿಕ್ಕದು, ಅದನ್ನು ತಂಪಾಗಿಡುವುದು ಕಾರಿನೊಳಗಿನ ಎ.ಸಿ. ಗಾಳಿ. ಹಿಂದಿನ ಸೀಟಿನ ಪಕ್ಕದಲ್ಲೋ ಕೆಳಗೋ ಒಂದು ಜಾಲರಿ ಇರುತ್ತದೆ. ಅದರ ಹಿಂದಿನ ಫ್ಯಾನು ಗಾಳಿಯನ್ನು ಎಳೆದು ಬ್ಯಾಟರಿಯ ಮೇಲೆ ಹಾಯಿಸುತ್ತದೆ. ಗಾಳಿ ಹೋಗುವ ದಾರಿಯಲ್ಲಿ ನೀರೂ ಹೋಗುತ್ತದೆ. ಕಾರಿನ ನೆಲದ ಮ್ಯಾಟು ತೇಲುವಷ್ಟು ನೀರು ಒಳಗೆ ಬಂತೆಂದರೆ ಬ್ಯಾಟರಿಗೂ ಕುತ್ತು ಹತ್ತಿರವಾಯಿತೆಂದು ಲೆಕ್ಕ. ಈ ಒಂದು ವಿಷಯದಲ್ಲಿ ಹೈಬ್ರಿಡ್ ಕಾರು ತನ್ನ ನೆಂಟನಾದ ವಿದ್ಯುತ್ ಕಾರಿಗಿಂತ ದುರ್ಬಲ, ಮತ್ತು ಈ ವಿಷಯ ಮಾರಾಟದ ಕರಪತ್ರಗಳಲ್ಲಿ ಕಾಣುವುದು ಅಪರೂಪ.

ತಾನಾಗಿ ಚಾಲೂ ಆಗುವ ಎಂಜಿನ್

ಪೆಟ್ರೋಲ್ ಎಂಜಿನ್ ಗಾಳಿಯನ್ನು ಅದುಮಿ ಕೆಲಸ ಮಾಡುವ ಯಂತ್ರ. ನೀರನ್ನು ಅದುಮಲಾಗದು. ಏರ್ ಫಿಲ್ಟರ್ ದಾಟಿ ನೀರು ಸಿಲಿಂಡರಿಗೆ ಇಳಿದರೆ, ಮೇಲಕ್ಕೆ ಬರುತ್ತಿರುವ ಪಿಸ್ಟನ್ ಬಂಡೆಗೆ ಗುದ್ದಿದ ಹಾಗೆ ನಿಲ್ಲುತ್ತದೆ; ಕನೆಕ್ಟಿಂಗ್ ರಾಡ್ ಬಾಗುತ್ತದೆ, ಕೆಲವೊಮ್ಮೆ ಮುರಿದು ಎಂಜಿನ್ ಬ್ಲಾಕನ್ನೇ ತೂತು ಮಾಡುತ್ತದೆ. ಗ್ಯಾರೇಜಿನವರು ಹೈಡ್ರೋಲಾಕ್ ಎನ್ನುವುದು ಇದಕ್ಕೇ. ಇದಕ್ಕೆ ಎಷ್ಟು ನೀರು ಬೇಕು ಎಂಬ ಲೆಕ್ಕ ದಿಗಿಲು ಹುಟ್ಟಿಸುವಂಥದ್ದು. ಒಂದೂವರೆ ಲೀಟರಿನ ಮೂರು ಸಿಲಿಂಡರ್ ಎಂಜಿನ್ನಿನಲ್ಲಿ ಒಂದು ಸಿಲಿಂಡರಿನ ಪಾಲು ಸುಮಾರು 500 ಮಿ.ಲೀ. ಹೈಬ್ರಿಡ್‌ಗೆಂದು ಮಾಡುವ ಎಂಜಿನ್‌ಗಳ ಕಂಪ್ರೆಶನ್ ಅನುಪಾತ ಹೆಚ್ಚು, 13ಕ್ಕೆ 1ರ ಆಸುಪಾಸು. ಹಾಗೆಂದರೆ ಪಿಸ್ಟನ್ ತುತ್ತತುದಿಗೆ ಬಂದಾಗ ಮೇಲೆ ಉಳಿಯುವ ಜಾಗ ಬರೀ 40 ಮಿ.ಲೀ.ಯಷ್ಟು. ಮೂರು ಟೇಬಲ್ ಚಮಚ ನೀರು ಅದನ್ನು ತುಂಬಿಬಿಡುತ್ತದೆ.

ಮಾಮೂಲಿ ಕಾರಿನಲ್ಲಿ ಈ ಅಪಾಯಕ್ಕೆ ಒಂದು ಹಳೆಯ ಕಟ್ಟುಪಾಡಿದೆ: ನೀರಿನಲ್ಲಿ ಎಂಜಿನ್ ಆಫ್ ಆದರೆ ಮತ್ತೆ ಕೀಲಿ ತಿರುಗಿಸಬೇಡಿ. ಹೈಬ್ರಿಡ್‌ನಲ್ಲಿ ತಿರುಗಿಸಲು ಕೀಲಿಯೇ ಇಲ್ಲ. ಪವರ್ ಬಟನ್ ಒತ್ತಿ ಡ್ಯಾಶ್‌ಬೋರ್ಡಿನಲ್ಲಿ ‘ರೆಡಿ’ ದೀಪ ಹತ್ತಿದ ಮೇಲೆ ಎಂಜಿನ್ ಯಾವಾಗ ಓಡಬೇಕು, ಯಾವಾಗ ನಿಲ್ಲಬೇಕು ಎಂಬುದು ಕಂಪ್ಯೂಟರಿನ ತೀರ್ಮಾನ. ಬ್ಯಾಟರಿ ಸ್ವಲ್ಪ ಇಳಿಯಿತು, ಆಕ್ಸಿಲರೇಟರ್ ಸ್ವಲ್ಪ ಒತ್ತಿತು, ಎ.ಸಿ.ಗೆ ಹೆಚ್ಚು ಶಕ್ತಿ ಬೇಕಾಯಿತು, ಯಾವುದೇ ನೆವಕ್ಕೆ ಎಂಜಿನ್ ಎಚ್ಚೆತ್ತುಕೊಳ್ಳಬಹುದು. ಹೊರಗೆ ನೀರು ಎಷ್ಟಿದೆ ಎಂಬುದು ಆ ಕಂಪ್ಯೂಟರಿಗೆ ಗೊತ್ತಿಲ್ಲ. ನೀರಿನ ನಡುವೆ ಕಾರು ಸದ್ದಿಲ್ಲದೆ ನಿಂತಿದ್ದರೆ ಎಂಜಿನ್ ಸತ್ತಿದೆಯೋ, ಸುಮ್ಮನೆ ಮಲಗಿದೆಯೋ ಎಂದು ಚಾಲಕರಿಗೂ ತಿಳಿಯದು. ಹಾಗಾಗಿ ಹೈಬ್ರಿಡ್‌ಗೆ ಆ ಕಟ್ಟುಪಾಡು ಇನ್ನೊಂದು ರೂಪದಲ್ಲಿ ಬೇಕಾಗುತ್ತದೆ. ನೀರು ಬಂಪರಿನ ಮಟ್ಟಕ್ಕೆ ಬಂದು ಕಾರು ಮುಂದೆ ಹೋಗದಿದ್ದರೆ, ಎಚ್ಚರಿಕೆ ದೀಪಗಳು ಹತ್ತಿದ್ದರೆ, ಮೊದಲು ಕಿಟಕಿ ಇಳಿಸಿ, ಆಮೇಲೆ ಪವರ್ ಬಟನ್ ಒತ್ತಿ ಇಡೀ ವ್ಯವಸ್ಥೆಯನ್ನು ಆಫ್ ಮಾಡಬೇಕು. ‘ರೆಡಿ’ ದೀಪ ಆರಿದ್ದನ್ನು ಕಣ್ಣಾರೆ ನೋಡಬೇಕು. ಮತ್ತೊಮ್ಮೆ ನೋಡೋಣ ಎಂದು ಬಟನ್ ಒತ್ತುವುದೆಂದರೆ ಎಂಜಿನ್ ತಿರುಗಿಸಲು ಕಂಪ್ಯೂಟರಿಗೆ ಅಪ್ಪಣೆ ಕೊಟ್ಟಂತೆಯೇ.

ಇ.ವಿ. ಮೋಡ್ ಬಟನ್ ಒತ್ತಿಕೊಂಡು, ಎಂಜಿನ್ ಮಲಗಿಸಿ, ಮೋಟಾರಿನಲ್ಲೇ ನೀರು ದಾಟಿಬಿಡಬಹುದಲ್ಲ ಎಂಬ ಉಪಾಯ ಅನೇಕರಿಗೆ ಹೊಳೆಯುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಹೈರೈಡರ್‌ನಂಥ ಕಾರಿನ ಬ್ಯಾಟರಿ ಒಂದು ಯೂನಿಟ್ ವಿದ್ಯುತ್ತನ್ನೂ ಹಿಡಿಯದು, ಅದರಲ್ಲಿ ಬಳಸಲು ಸಿಗುವುದು ಒಂದು ಪಾಲು ಮಾತ್ರ. ನೀರಿನ ಎದುರು ಕಾರನ್ನು ನೂಕುವುದು ಒಣ ರಸ್ತೆಯಲ್ಲಿ ಹೋದಷ್ಟು ಹಗುರವೂ ಅಲ್ಲ. ಅರ್ಧ ದಾರಿಯಲ್ಲಿ ಕಂಪ್ಯೂಟರ್ ಇ.ವಿ. ಮೋಡನ್ನು ರದ್ದು ಮಾಡಿ ಎಂಜಿನ್ ಚಾಲೂ ಮಾಡಿದರೆ ಉಪಾಯ ಅಲ್ಲಿಗೇ ಮುಗಿಯಿತು. ಎಂಜಿನ್ ಓಡಿದರೆ ಕಷ್ಟ ಎನ್ನಿಸುವಷ್ಟು ಆಳದ ನೀರು ಹೈಬ್ರಿಡ್ ಕಾರು ಇಳಿಯಬಾರದಷ್ಟು ಆಳದ್ದು ಎಂದೇ ಅರ್ಥ. ಮೈಲ್ಡ್ ಹೈಬ್ರಿಡ್‌ನಲ್ಲಿ ಸಮಸ್ಯೆ ಇದಕ್ಕಿಂತ ಸರಳ: ಸಿಗ್ನಲ್ಲಿನಲ್ಲಿ ಎಂಜಿನ್ ಆಫ್ ಮಾಡುವ ಸ್ಟಾರ್ಟ್-ಸ್ಟಾಪ್ ಸೌಲಭ್ಯಕ್ಕೆ ಪ್ರತ್ಯೇಕ ಬಟನ್ ಇರುತ್ತದೆ, ನೀರಿಗೆ ಇಳಿಯುವ ಮುಂಚೆ ಅದನ್ನು ಬಂದ್ ಮಾಡಿದರಾಯಿತು.

ಇನ್ನು 12 ವೋಲ್ಟಿನ ಬ್ಯಾಟರಿ. ಹೈಬ್ರಿಡ್‌ನಲ್ಲಿ ಇದು ಎಂಜಿನ್ ತಿರುಗಿಸುವ ಭಾರ ಹೊರುವುದಿಲ್ಲ, ಆದರೆ ಎಲ್ಲಕ್ಕೂ ಬೀಗದ ಕೈ ಇದರ ಹತ್ತಿರವೇ. ರಿಲೇಗಳು, ಕಂಪ್ಯೂಟರ್‌ಗಳು, ಕಿಟಕಿ, ಬಾಗಿಲ ಲಾಕ್, ಗೇರ್ ಸಂಕೇತ, ಎಲೆಕ್ಟ್ರಿಕ್ ಹ್ಯಾಂಡ್‌ಬ್ರೇಕ್ ಎಲ್ಲ ಇದರ ಆಸರೆಯಲ್ಲಿವೆ. ಇದರ ಋಣ ತುದಿಯನ್ನು ಕಾರಿನ ಬಾಡಿಗೇ ಜೋಡಿಸಿರುತ್ತಾರೆ. ದೊಡ್ಡ ಬ್ಯಾಟರಿಗಿರುವ ಪ್ರತ್ಯೇಕತೆ ಇದಕ್ಕಿಲ್ಲ. 2012ರಲ್ಲಿ ಸ್ಯಾಂಡಿ ಚಂಡಮಾರುತ ಅಮೆರಿಕದ ನ್ಯೂಜೆರ್ಸಿಗೆ ಅಪ್ಪಳಿಸಿದಾಗ ನ್ಯೂಆರ್ಕ್ ಬಂದರಿನಲ್ಲಿ ನಿಲ್ಲಿಸಿದ್ದ ಫಿಸ್ಕರ್ ಕರ್ಮ ಎಂಬ ಪ್ಲಗ್-ಇನ್ ಹೈಬ್ರಿಡ್‌ಗಳು ಸಮುದ್ರದ ನೀರಿನಲ್ಲಿ ಮುಳುಗಿ, ಹದಿನಾರು ಕಾರುಗಳು ಸುಟ್ಟುಹೋದವು. ಹಲವರು ದೊಡ್ಡ ಲಿಥಿಯಂ ಬ್ಯಾಟರಿಯನ್ನು ದೂರಿದರು. ಕಂಪನಿ ನಡೆಸಿದ ತನಿಖೆ ಬೊಟ್ಟು ಮಾಡಿದ್ದು 12 ವೋಲ್ಟಿನಲ್ಲಿ ಓಡುವ ಒಂದು ಸಣ್ಣ ನಿಯಂತ್ರಣ ಪೆಟ್ಟಿಗೆಯ ಕಡೆಗೆ. ಉಪ್ಪು ನೀರು ಅದರೊಳಗೆ ಶಾರ್ಟ್ ಸರ್ಕ್ಯೂಟ್ ಮಾಡಿತ್ತು, ಹೊತ್ತಿದ ಬೆಂಕಿಯನ್ನು ಬಿರುಗಾಳಿ ಪಕ್ಕದ ಕಾರುಗಳಿಗೆ ಹಬ್ಬಿಸಿತ್ತು.

ನೀರಿನ ಬಲ

ಇಲ್ಲಿಯವರೆಗಿನದು ಕಾರಿನ ಆರೋಗ್ಯದ ಮಾತು. ಜೀವಹಾನಿ ಹೆಚ್ಚಾಗಿ ಆಗುವುದು ಎಂಜಿನ್ನಿನಿಂದಲೂ ಅಲ್ಲ, ಬ್ಯಾಟರಿಯಿಂದಲೂ ಅಲ್ಲ, ನೀರಿನಿಂದಲೇ. ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆ ಕೊಡುವ ಲೆಕ್ಕ ಹೀಗಿದೆ: ರಭಸದಿಂದ ಹರಿಯುವ ಅರ್ಧ ಅಡಿ ನೀರು ವಯಸ್ಕರನ್ನು ಬೀಳಿಸುತ್ತದೆ, ಒಂದು ಅಡಿ ಬಹುತೇಕ ಕಾರುಗಳನ್ನು ಕೊಚ್ಚಿಕೊಂಡು ಹೋಗುತ್ತದೆ, ಎರಡು ಅಡಿಗೆ ಎಸ್‌ಯುವಿಗಳೂ ನಿಲ್ಲವು.

ಒಂದೂಕಾಲು ಟನ್ನಿಗೂ ಮಿಕ್ಕಿದ ಕಬ್ಬಿಣ ಇಷ್ಟು ಕಡಿಮೆ ನೀರಿನಲ್ಲಿ ಹೇಗೆ ತೇಲುತ್ತದೆ ಎಂಬುದು ನಂಬಲು ಕಷ್ಟದ ಸಂಗತಿ, ಆದರೆ ಲೆಕ್ಕ ಸುಲಭ. ಮಧ್ಯಮ ಗಾತ್ರದ ಕಾರಿನ ತಳದ ವಿಸ್ತೀರ್ಣ ಸುಮಾರು 6 ಚದರ ಮೀಟರ್. ನೀರು ತಳವನ್ನು ಮುಟ್ಟಿದ ಮೇಲೆ ಏರುವ ಪ್ರತಿ 10 ಸೆಂ.ಮೀ.ಗೆ 600 ಲೀಟರ್ ನೀರು ಪಕ್ಕಕ್ಕೆ ಸರಿಯುತ್ತದೆ, ಅಂದರೆ ಕಾರಿನ ತೂಕದಲ್ಲಿ 600 ಕೆ.ಜಿ. ಕಳೆದಂತೆ. 1,300 ಕೆ.ಜಿ.ಯ ಕಾರು ಪೂರ್ತಿ ತೇಲಲು ತಳದಿಂದ ಮೇಲೆ ಒಂದು ಗೇಣಷ್ಟು ನೀರು ಸಾಕು. ಗ್ರೌಂಡ್ ಕ್ಲಿಯರೆನ್ಸ್ 165 ಮಿ.ಮೀ. ಇರುವ ಸೆಡಾನ್‌ಗೆ ಇದು ರಸ್ತೆಯಿಂದ 40 ಸೆಂ.ಮೀ.ಗೂ ಕಡಿಮೆ, 210 ಮಿ.ಮೀ. ಇರುವ ಎಸ್‌ಯುವಿಗೆ ಅದಕ್ಕಿಂತ ಎರಡೂವರೆ ಬೆರಳು ಹೆಚ್ಚು, ಅಷ್ಟೇ. ನೋಡಲು ಎತ್ತರವಾಗಿ ಕಾಣುವ ಕಾರು ಕೊಡುವ ಧೈರ್ಯ ಆ ಎರಡೂವರೆ ಬೆರಳಿನದು. ಬಾಗಿಲ ಸಂದಿಗಳಿಂದ ನಿಧಾನವಾಗಿ ನೀರು ಒಳನುಗ್ಗಿ ಕಾರು ಮತ್ತೆ ಭಾರವಾಗುತ್ತದೆ ನಿಜ, ಅಷ್ಟರಲ್ಲಿ ಅದು ರಸ್ತೆಯ ಮೇಲೆ ಇರಬೇಕಲ್ಲ. ಎಂಜಿನ್ನಿನ ಭಾರದಿಂದ ಮೂತಿ ತಗ್ಗಿಯೇ ಇರುತ್ತದೆ, ಹಿಂಭಾಗ ಮೊದಲು ಏಳುತ್ತದೆ; ಪಕ್ಕದಿಂದ ಸೆಳೆತ ಇದ್ದರೆ ಕಾರು ಮುಂಗಾಲಿನ ಮೇಲೆ ತಿರುಗಿ ರಸ್ತೆಯಂಚಿಗೆ ಜಾರುತ್ತದೆ.

ಹರಿವಿನ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಸೆಕೆಂಡಿಗೆ ಒಂದು ಮೀಟರ್ ಹರಿಯುವ ನೀರು ಕಾರಿನ ಪಕ್ಕೆಯ ಒಂದು ಗೇಣು ಪಟ್ಟಿಯ ಮೇಲೆ ಹಾಕುವ ಒತ್ತಡ ಸುಮಾರು 45 ಕೆ.ಜಿ. ತೂಕಕ್ಕೆ ಸಮವೆಂದಿಟ್ಟುಕೊಂಡರೆ, ಎರಡು ಮೀಟರ್ ವೇಗಕ್ಕೆ ಅದು 180 ಕೆ.ಜಿ.ಗೆ ಏರುತ್ತದೆ. ತೇಲುವಿಕೆಯಿಂದ ಟೈರಿನ ಹಿಡಿತ ಅದಾಗಲೇ ಸಡಿಲಾಗಿರುತ್ತದೆ. ಕರಾವಳಿಯ ಮುಳುಗು ಸೇತುವೆಗಳ ಮೇಲೆ, ಬೆಳಗಾವಿ ಕಡೆ ಕೃಷ್ಣೆ ಘಟಪ್ರಭೆಗಳು ಉಕ್ಕಿದಾಗ ಮುಳುಗುವ ತಗ್ಗು ಸೇತುವೆಗಳ ಮೇಲೆ ನೀರು ಪಾದ ಮುಳುಗುವಷ್ಟೇ ಕಂಡರೂ ಕಾರು ಇಳಿಸಬಾರದು ಎನ್ನುವುದು ಇದಕ್ಕೇ. ಅಲ್ಲಿ ರಸ್ತೆ ಕೊಚ್ಚಿಹೋಗಿದ್ದರೆ ಮೇಲಿನಿಂದ ಗೊತ್ತೇ ಆಗದು. ಹರಿಯುವ ನೀರಿನ ವಿಷಯದಲ್ಲಿ ಯಾವ ಆಳವೂ ಸುರಕ್ಷಿತವಲ್ಲ ಎಂದು ಇಟ್ಟುಕೊಳ್ಳುವುದೇ ವಾಸಿ. ಮುಂದಿನ ವಿವರಗಳೆಲ್ಲ ನಿಂತ ನೀರಿಗೆ ಮಾತ್ರ.

ನಿಂತ ನೀರಿನಲ್ಲೂ ಅಂಡರ್‌ಪಾಸ್ ಬೇರೆಯೇ ಲೆಕ್ಕ. 2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ಮಳೆ ನೀರಿಗೆ ಇಳಿದ ಕಾರು ಮುಳುಗಿ ಒಬ್ಬ ಯುವತಿ ಜೀವ ಕಳೆದುಕೊಂಡಳು. ಬಟ್ಟಲಿನಾಕಾರದ ಅಂಥ ಜಾಗದಲ್ಲಿ ಮೊದಲ ಹತ್ತು ಮೀಟರಿನ ಆಳ ನಡುವಿನ ಆಳದ ಬಗ್ಗೆ ಏನನ್ನೂ ಹೇಳುವುದಿಲ್ಲ. ಸುತ್ತಲಿನ ರಸ್ತೆಗಳ ನೀರೆಲ್ಲ ಅಲ್ಲಿಗೇ ಇಳಿಯುತ್ತದೆ, ನಿಮಿಷಗಳಲ್ಲಿ ಮಟ್ಟ ಏರುತ್ತದೆ. ಹೈಬ್ರಿಡ್ ಆಗಲಿ ಬೇರೆ ಕಾರಾಗಲಿ, ನೀರು ತುಂಬಿದ ಅಂಡರ್‌ಪಾಸ್ ಕಂಡರೆ ಸುತ್ತು ಹಾಕಿಯೇ ಹೋಗಬೇಕು.

ನೀರಿಗೆ ಇಳಿಯಲೇಬೇಕಾದರೆ

ಹೈಬ್ರಿಡ್ ಕಾರಿಗೆ ನಂಬಬಹುದಾದ ಮಿತಿ ಅದರ ಗ್ರೌಂಡ್ ಕ್ಲಿಯರೆನ್ಸ್. ನೀರು ಕಾರಿನ ತಳವನ್ನು ಮುಟ್ಟಬಾರದು; ಮುಟ್ಟಿದರೆ ತೇಲುವಿಕೆಯೂ ಶುರು, ಒಳಗೆ ಸೋರುವುದೂ ಶುರು. ಆಳ ಅಳೆಯಲು ಒಳ್ಳೆಯ ಕಡ್ಡಿ ಎಂದರೆ ಫುಟ್‌ಪಾತಿನ ಅಂಚುಕಲ್ಲು. ಅದರ ಎತ್ತರ ಮಾನದಂಡದ ಪ್ರಕಾರ 15 ಸೆಂ.ಮೀ., ನಮ್ಮ ಊರುಗಳಲ್ಲಿ ಹಲವೆಡೆ ಇನ್ನೂ ಹೆಚ್ಚು. ಅಂಚುಕಲ್ಲು ಕಾಣುತ್ತಿದ್ದರೆ ನೀರು ದಾಟುವ ಮಾತಾಡಬಹುದು. ಅದು ಮುಳುಗಿದ್ದರೆ ಸೆಡಾನ್‌ಗಂತೂ ಅಲ್ಲಿಗೆ ಮುಗಿಯಿತು. ಮುಂದೆ ಹೋಗುತ್ತಿರುವ ಕಾರಿನ ಚಕ್ರ ಎಷ್ಟು ಮುಳುಗುತ್ತದೆ ಎಂದು ನೋಡುವುದೂ ಒಳ್ಳೆಯದೇ. ಬಸ್ಸನ್ನು ನೋಡಿ ಅಂದಾಜು ಮಾಡಬಾರದು. ಬಸ್ಸು ದಾಟಿತು ಎಂಬುದರಿಂದ ಬಸ್ಸಿನ ಎತ್ತರ ಗೊತ್ತಾಗುತ್ತದೆಯೇ ಹೊರತು ನೀರಿನದ್ದಲ್ಲ. ಅದು ಎಬ್ಬಿಸುವ ಅಲೆ ಪಕ್ಕದ ಕಾರಿನ ಗ್ರಿಲ್‌ವರೆಗೂ ಬರುತ್ತದೆ; ಗಾಳಿ ಎಳೆಯುವ ಬಾಯಿ ಇರುವುದು ಸಾಮಾನ್ಯವಾಗಿ ಆ ಗ್ರಿಲ್ಲಿನ ಹಿಂದೆ. ಎದುರು ಬರುವ ದೊಡ್ಡ ಗಾಡಿ ದಾಟಿಹೋಗಿ ಅಲೆ ಅಡಗುವವರೆಗೆ ಕಾಯಬೇಕು.

ಇಳಿಯುವ ಮುಂಚೆ ಎ.ಸಿ. ಆಫ್ ಮಾಡುವುದರಿಂದ ಎರಡು ಲಾಭ. ರೇಡಿಯೇಟರಿನ ಫ್ಯಾನು ನೀರನ್ನು ಎರಚುವುದು ತಪ್ಪುತ್ತದೆ, ಎ.ಸಿ.ಗೋಸ್ಕರ ಎಂಜಿನ್ ಎದ್ದು ಕೂರುವ ಸಂಭವವೂ ಇಳಿಯುತ್ತದೆ. ಎರಡೂ ಕಡೆಯ ಕಿಟಕಿ ಅರ್ಧ ಇಳಿಸಿರಬೇಕು, ಮಳೆ ಬಂದು ಸೀಟು ಒದ್ದೆಯಾದರೂ ಪರವಾಗಿಲ್ಲ.

ನೀರಿನಲ್ಲಿ ನಡಿಗೆಯ ವೇಗ ಸಾಕು. ಹಳೆಯ ಕಾರುಗಳಿಗೆ ಹೇಳುತ್ತಿದ್ದ ಮಾತು, ಫಸ್ಟ್ ಗೇರು, ಅರ್ಧ ಕ್ಲಚ್ಚು, ಎಂಜಿನ್ ರೇಸ್ ಮಾಡುತ್ತ ಹೋಗಿ, ಇಲ್ಲಿ ನಡೆಯದು. ಕ್ಲಚ್ಚೇ ಇಲ್ಲ, ಆಕ್ಸಿಲರೇಟರ್ ಒತ್ತಿದರೆ ಎಂಜಿನ್ನಿನ ಸದ್ದಿನ ಜೊತೆ ಕಾರಿನ ವೇಗವೂ ಏರುತ್ತದೆ. ಮೋಟಾರಿನ ಎಳೆತ ಒಮ್ಮೆಲೇ ಬರುವುದರಿಂದ ಜೋರಾಗಿ ಒತ್ತಿದರೆ ಕೆಸರಿನಲ್ಲಿ ಚಕ್ರ ಗಿರಗಿರ ತಿರುಗುವ ಭಯವೂ ಇದೆ. ಡಿ ಗೇರಿನಲ್ಲಿ, ಪೆಡಲಿನ ಮೇಲೆ ಕಾಲಿನ ಭಾರವಷ್ಟೇ ಇಟ್ಟು, ನಿಲ್ಲದೆ ಸಾಗಬೇಕು. ಹೀಗೆ ಹೋದಾಗ ಕಾರಿನ ಮೂತಿಯ ಮುಂದೆ ಸಣ್ಣ ಅಲೆಯೊಂದು ಸಾಗುತ್ತದೆ, ಅದರ ಹಿಂದೆ ಬಾನೆಟ್ಟಿನ ಕೆಳಗೆ ನೀರು ತುಸು ತಗ್ಗಿರುತ್ತದೆ. ವೇಗ ಹೆಚ್ಚಿಸಿದರೆ ಅದೇ ಅಲೆ ಬಾನೆಟ್ಟಿನ ಮೇಲೆ ಏರುತ್ತದೆ. ಮುಂದಿನ ಕಾರು ಪೂರ್ತಿ ದಾಟಿದ ಮೇಲೆಯೇ ಹೊರಡುವುದು ಜಾಣತನ. ಆಗ ನಡುನೀರಿನಲ್ಲಿ ನಿಲ್ಲುವ ಪ್ರಸಂಗ ಬರುವುದಿಲ್ಲ. ರಸ್ತೆಯ ನಡುಭಾಗದಲ್ಲೇ ಸಾಗಬೇಕು; ಅದು ಸಾಮಾನ್ಯವಾಗಿ ಎತ್ತರ, ಅಂಚುಗಳಲ್ಲಿ ಮೋರಿಯ ಬಾಯಿ ತೆರೆದಿರಬಹುದು.

ನೀರು ದಾಟಿದ ಮೇಲೆ ಬ್ರೇಕಿನ ವಿಷಯದಲ್ಲಿ ಹೈಬ್ರಿಡ್ ಒಂದು ಚಿಕ್ಕ ಮೋಸ ಮಾಡುತ್ತದೆ. ಹಗುರವಾಗಿ ಬ್ರೇಕ್ ಒತ್ತಿದಾಗ ಕಾರನ್ನು ನಿಧಾನಿಸುವುದು ಮೋಟಾರು. ಅದು ಜನರೇಟರ್ ಆಗಿ ಬ್ಯಾಟರಿ ತುಂಬಿಸುತ್ತದೆ, ಬ್ರೇಕ್ ಪ್ಯಾಡುಗಳು ಡಿಸ್ಕನ್ನು ಹೆಚ್ಚಾಗಿ ಮುಟ್ಟುವುದೇ ಇಲ್ಲ. ಮಾಮೂಲಿ ಕಾರಿನಲ್ಲಿ ಒಂದೆರಡು ಬಾರಿ ಬ್ರೇಕ್ ಒತ್ತಿದರೆ ಒಣಗುವ ಡಿಸ್ಕು ಇಲ್ಲಿ ಒದ್ದೆಯಾಗಿಯೇ ಉಳಿದು, ಮುಂದೆಲ್ಲೋ ಗಟ್ಟಿಯಾಗಿ ಬ್ರೇಕ್ ಹಾಕಿದಾಗ ಕೈಕೊಡಬಹುದು. ವೇಗ ತೀರಾ ಇಳಿದಾಗ ಕೆಲಸ ಮೋಟಾರಿನಿಂದ ಪ್ಯಾಡುಗಳಿಗೆ ಬರುತ್ತದೆ. ಹಾಗಾಗಿ ಹಿಂದೆ ಗಾಡಿಗಳಿಲ್ಲದ ಕಡೆ, ನಿಧಾನ ವೇಗದಲ್ಲಿ, ಕಾರು ನಿಲ್ಲುವವರೆಗೆ ಬ್ರೇಕನ್ನು ಗಟ್ಟಿಯಾಗಿ ನಾಲ್ಕಾರು ಸಲ ಒತ್ತಿ ಒಣಗಿಸಬೇಕು.

ಕಾರು ನಿಂತುಬಿಟ್ಟರೆ

ನೀರು ಏರುತ್ತಿರುವಾಗ ಕಾರು ನಿಂತರೆ ಕೆಲಸಗಳ ಕ್ರಮ ಮುಖ್ಯ. ಸೀಟ್ ಬೆಲ್ಟ್ ಬಿಚ್ಚಿ, 12 ವೋಲ್ಟ್ ಇರುವಾಗಲೇ ಕಿಟಕಿಗಳನ್ನು ಪೂರ್ತಿ ಇಳಿಸಿ, ಮಕ್ಕಳನ್ನು ಮೊದಲು ಹೊರಗೆ ಕಳಿಸಬೇಕು. ಬಾಗಿಲು ತೆರೆಯುವ ಪ್ರಯತ್ನದಲ್ಲಿ ಸಮಯ ಕಳೆಯುವುದು ಅಪಾಯ. ಬಾಗಿಲ ಹೊರಗೆ ಅರ್ಧ ಮೀಟರ್ ನೀರು ನಿಂತಿದ್ದರೆ ಅದು ಒಂದು ಮೀಟರ್ ಅಗಲದ ಬಾಗಿಲನ್ನು ಸುಮಾರು 125 ಕೆ.ಜಿ.ಯ ಬಲದಿಂದ ಒತ್ತುತ್ತಿರುತ್ತದೆ. 2005ರ ಜುಲೈ 26ರಂದು ಮುಂಬೈಯ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿದಾಗ ಕಿಟಕಿ ಇಳಿಯದೆ, ಬಾಗಿಲು ತೆರೆಯದೆ ಕಾರಿನೊಳಗೇ ಉಸಿರು ಕಟ್ಟಿ ಸತ್ತವರಿದ್ದರು. ಕಿಟಕಿ ಇಳಿಯದಿದ್ದರೆ ಪಕ್ಕದ ಗಾಜನ್ನು ಮೂಲೆಯಲ್ಲಿ ಒಡೆಯಬೇಕು. ಮುಂದಿನ ಗಾಜು ಪದರದ್ದು, ಒಡೆದರೂ ದಾರಿ ಕೊಡದು. ಗಾಜು ಒಡೆಯುವ ಪುಟ್ಟ ಸುತ್ತಿಗೆ ಕೈಗೆಟಕುವಂತೆ ಇರಬೇಕು, ಡಿಕ್ಕಿಯಲ್ಲಿ ಟೂಲ್‌ಕಿಟ್ ಜೊತೆ ಇಟ್ಟರೆ ಇದ್ದೂ ಇಲ್ಲದ ಹಾಗೆ. ಹೊರಬಂದ ಮೇಲೆ 112ಕ್ಕೆ ಕರೆ ಮಾಡಿ, ಕಂಬ-ತಂತಿಗಳಿಂದ ದೂರ ಇರುವ ಎತ್ತರದ ಜಾಗ ಸೇರಬೇಕು.

ನೀರು ಇಳಿದ ಮೇಲಿನ ಕೆಲಸಕ್ಕೆ ಅವಸರ ಬೇಡ. ನೀರು ಸೀಟಿನ ಬುಡದವರೆಗೆ ಬಂದಿದ್ದ ಹೈಬ್ರಿಡ್‌ನ ಪವರ್ ಬಟನ್ ಒತ್ತಬಾರದು, ಪ್ಲಗ್-ಇನ್ ಆಗಿದ್ದರೆ ಚಾರ್ಜಿಗೆ ಹಾಕಬಾರದು. ಬ್ಯಾಟರಿ ಪೆಟ್ಟಿಗೆಯೊಳಗೆ ಉಳಿದ ನೀರು ಸೆಲ್‌ಗಳ ನಡುವೆ ನಿಧಾನವಾಗಿ ತುಕ್ಕು ಹಿಡಿಸಿ ಶಾರ್ಟ್ ಮಾಡಬಹುದು. ಬೆಂಕಿ ಅದೇ ದಿನ ಬರಬೇಕೆಂದೇನೂ ಇಲ್ಲ, ದಿನಗಳು, ವಾರಗಳು ಕಳೆದ ಮೇಲೂ ಬರಬಹುದು. ಉಪ್ಪು ನೀರಾಗಿದ್ದರೆ ಅಪಾಯ ಹೆಚ್ಚು. ಕುಂದಾಪುರ, ಮಂಗಳೂರಿನಂಥ ಅಳಿವೆ ಊರುಗಳಲ್ಲಿ ಭರತದ ಹೊತ್ತಿಗೆ ನೆರೆಯಲ್ಲಿ ಉಪ್ಪು ಬೆರೆಯುತ್ತದೆ. ಬೆಂಗಳೂರಿನ ರಾಜಕಾಲುವೆಯ ನೀರಿನಲ್ಲಿ ಸಮುದ್ರದ ಉಪ್ಪಿಲ್ಲ, ಆದರೆ ಚರಂಡಿಯ ಲವಣಗಳಿವೆ. ಶುದ್ಧ ಮಳೆ ನೀರಿನ ಹಾಗೆ ಅದನ್ನು ಎಣಿಸಲಾಗದು. 2022ರಲ್ಲಿ ಫ್ಲಾರಿಡಾಕ್ಕೆ ಅಪ್ಪಳಿಸಿದ ಇಯಾನ್ ಚಂಡಮಾರುತದ ನಂತರ ಮುಳುಗಿದ್ದ ವಿದ್ಯುತ್ ವಾಹನಗಳು ಹೊತ್ತಿಕೊಂಡಾಗ ಅಲ್ಲಿನ ಹೆದ್ದಾರಿ ಸುರಕ್ಷತಾ ಆಡಳಿತ ಕೊಟ್ಟ ಸಲಹೆ ಇಲ್ಲಿಗೂ ಹೊಂದುತ್ತದೆ: ಅಂಥ ಗಾಡಿಯನ್ನು ಕಟ್ಟಡಗಳಿಂದ, ಬೇರೆ ವಾಹನಗಳಿಂದ 50 ಅಡಿ ದೂರ ನಿಲ್ಲಿಸಬೇಕು. ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಅದಕ್ಕೆ ಅತಿ ಕೆಟ್ಟ ಜಾಗ. ಗುಳುಗುಳು ಸದ್ದು, ಹೊಗೆ, ಘಾಟು ವಾಸನೆ ಕಂಡರೆ ದೂರ ಸರಿದು ಅಗ್ನಿಶಾಮಕ ದಳಕ್ಕೆ ತಿಳಿಸಬೇಕು.

ಕಾರನ್ನು ಸರ್ವಿಸ್ ಸೆಂಟರಿಗೆ ಸಾಗಿಸಲು ಫ್ಲಾಟ್‌ಬೆಡ್ ಲಾರಿಯೇ ಬೇಕು. ಮುಂದಿನ ಚಕ್ರಗಳಿಗೆ ಮೋಟಾರು ಜೋಡಿಸಿದ ಹೈಬ್ರಿಡ್ ಅನ್ನು ಹಗ್ಗ ಕಟ್ಟಿ ಎಳೆದರೆ ಚಕ್ರದ ಜೊತೆ ಮೋಟಾರೂ ತಿರುಗಿ ವಿದ್ಯುತ್ ಉತ್ಪಾದಿಸುತ್ತದೆ. ನೀರು ಕುಡಿದ ಇನ್ವರ್ಟರಿಗೆ ಅದು ಹೋಗಬಾರದು. ಬ್ಯಾಟರಿಯ ಸರ್ವಿಸ್ ಪ್ಲಗ್ ಕೀಳುವುದು, ಇನ್ಸುಲೇಷನ್ ಪರೀಕ್ಷೆ ಮಾಡುವುದು ತರಬೇತಿಯಾದವರ ಕೆಲಸ, ರಬ್ಬರ್ ಗ್ಲೌಸ್ ಹಾಕಿಯೇ ಮಾಡುವಂಥದ್ದು; ಬೀದಿ ಬದಿಯ ಎಲೆಕ್ಟ್ರಿಷಿಯನ್‌ಗೆ ಒಪ್ಪಿಸುವಂಥದ್ದಲ್ಲ.

ವಿಮೆಯ ಕಡೆ ಒಂದು ಕೊಕ್ಕೆ ಇದೆ. ಸ್ವಂತ ಹಾನಿಯ ವಿಮೆ ನೆರೆಯ ಹಾನಿಗೆ ಅನ್ವಯಿಸುತ್ತದೆ, ಆದರೆ ನೀರು ಒಳಹೊಕ್ಕ ಮೇಲೆ ಎಂಜಿನ್ ತಿರುಗಿಸಿದ್ದರಿಂದ ಆದ ಹೈಡ್ರೋಲಾಕನ್ನು ವಿಮಾ ಕಂಪನಿಗಳು ಸಾಮಾನ್ಯವಾಗಿ ಪರಿಣಾಮದ ಹಾನಿ ಎಂದು ಹೊರಗಿಡುತ್ತವೆ. ಅದಕ್ಕೆ ಎಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ರಕ್ಷಣೆಯನ್ನು ಪಾಲಿಸಿ ಕೊಳ್ಳುವಾಗಲೇ ಸೇರಿಸಿರಬೇಕು. ಹೈಬ್ರಿಡ್ ಬ್ಯಾಟರಿ ಮತ್ತು ಮೋಟಾರು ಅದರಲ್ಲಿ ಸೇರಿವೆಯೇ ಎಂಬುದು ಪಾಲಿಸಿಯಿಂದ ಪಾಲಿಸಿಗೆ ಬೇರೆಯಾಗುತ್ತದೆ, ಕಾಗದ ಓದಿಯೇ ತಿಳಿಯಬೇಕು. ನೀರು ನಿಂತ ಮಟ್ಟದ ಗುರುತು ಕಾಣುವಂತೆ ತೊಳೆಯುವ ಮುಂಚೆಯೇ ಫೋಟೊ ತೆಗೆದಿಟ್ಟರೆ ಸರ್ವೇಯರ್ ಬಂದಾಗ ವಾದ ಕಡಿಮೆ.

ನೆರೆಯಲ್ಲಿ ಮುಳುಗಿದ ಕಾರುಗಳಲ್ಲಿ ಕೆಲವು ಪಾಲಿಶ್ ಆಗಿ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಬರುತ್ತವೆ. ಹಳೆಯ ಹೈಬ್ರಿಡ್ ಕೊಳ್ಳುವವರು ಸೀಟಿನ ಕಂಬಿಗಳ ತುಕ್ಕು, ಬೆಲ್ಟನ್ನು ಪೂರ್ತಿ ಎಳೆದಾಗ ತುದಿಯಲ್ಲಿ ಕಾಣುವ ಕೆಸರಿನ ಕಲೆ, ಡಿಕ್ಕಿಯ ಮ್ಯಾಟಿನ ಕೆಳಗಿನ ಮಣ್ಣು ಇವುಗಳ ಜೊತೆಗೆ ಹಿಂದಿನ ಸೀಟಿನ ಹತ್ತಿರದ ಬ್ಯಾಟರಿ ಜಾಲರಿಯನ್ನೂ ತೆಗೆಸಿ ನೋಡಬೇಕು. ಫಿಲ್ಟರಿನ ಹಿಂದೆ, ಫ್ಯಾನಿನ ರೆಕ್ಕೆಗಳ ಮೇಲೆ ಒಣಗಿದ ಕೆಸರು ಸಿಕ್ಕಿದರೆ ಆ ಕಾರಿನ ಬ್ಯಾಟರಿ ನೀರು ಕಂಡಿದೆ.